ಮನೆಗೊಂದು ವಿಮೆ: ಗೃಹಸ್ಥನು ಅರಿತಿರಬೇಕಾದ ಸಂಗತಿಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆ ಗಾದೆ ಹುಟ್ಟಿದ ಕಾಲದಲ್ಲಿ ಮನೆಯೆಂದರೆ ಊರಿನ ಮಣ್ಣು, ಊರಿನ ಮರ, ಊರಿನವರ ಕೈಗೆಲಸ. ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗನಿಗೆ ಮನೆಯೆಂದರೆ ಬಹುಮಹಡಿ ಕಟ್ಟಡದಲ್ಲಿನ ಎರಡು ಕೋಣೆಗಳ ಫ್ಲಾಟು. ಇಪ್ಪತ್ತು ವರ್ಷಗಳ ಸಾಲ. ತಿಂಗಳು ತಿಂಗಳೂ ಸಂಬಳದಿಂದ ಕಡಿತವಾಗುವ ಕಂತು. ಕಟ್ಟುವ ಕಷ್ಟವನ್ನು ಗಾದೆ ಹೇಳಿತು. ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಷ್ಟವನ್ನು ಹೇಳಲಿಲ್ಲ.

ಒಂದು ಸಂಸಾರವು ತನ್ನ ಜೀವಮಾನದಲ್ಲಿ ಕೊಳ್ಳುವ ವಸ್ತುಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು ಮನೆ. ವಿಮೆಯಿಲ್ಲದ ಸ್ಕೂಟರನ್ನು ರಸ್ತೆಗಿಳಿಸಲು ಕಾನೂನು ಬಿಡುವುದಿಲ್ಲ. ಪ್ರಾಣಕ್ಕೆ ಜೀವವಿಮೆಯುಂಟು, ದೇಹಕ್ಕೆ ಆರೋಗ್ಯವಿಮೆಯುಂಟು. ಮನೆಯ ಮಾತು ಬಂದಾಗ ಮಾತ್ರ ‘ಸಾಲ ಕೊಡುವಾಗ ಬ್ಯಾಂಕಿನವರು ಏನೋ ಮಾಡಿಸಿದ್ದಾರೆ’ ಎಂಬ ಉತ್ತರ ದೊರೆಯುತ್ತದೆ. ಆ ‘ಏನೋ’ ಎಂಬುದರ ಅರ್ಥವನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಹಾನಗರಗಳ ಅನುಭವ

‘ನಮ್ಮ ಕಟ್ಟಡ ಭದ್ರವಾಗಿದೆ, ನಮಗೇನಾದೀತು?’ ಎಂಬುದು ಸರ್ವೇಸಾಮಾನ್ಯವಾದ ಧೋರಣೆ. ಆದರೆ ಕನ್ನಡಿಗರು ನೆಲೆಯೂರಿದ ಮಹಾನಗರಗಳ ಚರಿತ್ರೆ ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಧ್ವಂಸಮಾಡಿತು. ಅಂಥ ಅನಾಹುತ ಮರುಕಳಿಸದಂತೆ ಯೋಜನೆ ರೂಪಿಸಲು ನಿಜಾಮ ಸರ್ಕಾರ ಆಹ್ವಾನಿಸಿದುದು ಕನ್ನಡ ನಾಡಿನ ಹೆಮ್ಮೆಯ ಎಂಜಿನಿಯರ್ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳು ಆ ಯೋಜನೆಯ ಫಲ. ಆದರೂ ನಗರ ಬೆಳೆದು ಕೆರೆ ಕಾಲುವೆಗಳು ಕಿರಿದಾದ ಬಳಿಕ, 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಅನೇಕ ಬಡಾವಣೆಗಳು ಮತ್ತೆ ನೀರಿನಲ್ಲಿ ನಿಂತವು.

1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿಯ ನೀರು ಪುಣೆಯ ಹಳೆಯ ಪೇಟೆಗಳಿಗೆ ನುಗ್ಗಿತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈಯ ಅಡ್ಯಾರ್ ನದಿ ದಂಡೆ ಮೀರಿತು. 2023ರ ಜುಲೈಯಲ್ಲಿ ದೆಹಲಿಯ ಯಮುನೆ 208.66 ಮೀಟರ್ ಮಟ್ಟಕ್ಕೇರಿ, 1978ರಲ್ಲಿ ದಾಖಲಾಗಿದ್ದ 207.49 ಮೀಟರನ್ನು ಹಿಂದಿಕ್ಕಿತು. ಇವೆಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂದ ವಿಪತ್ತುಗಳು. ಹಳೆಯ ವೈರಿಂಗಿನ ಕಿಡಿ, ಸೋರಿದ ಅಡುಗೆ ಅನಿಲ, ದೇವರ ಮುಂದೆ ಹಚ್ಚಿಟ್ಟು ಮರೆತ ದೀಪ ಇವುಗಳಿಂದ ಸುಟ್ಟ ಮನೆಗಳ ಸುದ್ದಿಗೆ ಒಳಪುಟದ ನಾಲ್ಕು ಸಾಲೂ ಸಿಗುವುದಿಲ್ಲ.

ಇಂಥ ಹೊತ್ತಿನಲ್ಲಿ ಸರ್ಕಾರದ ನೆರವು, ಬಂಧುಮಿತ್ರರ ಸಹಾಯ, ಕನ್ನಡ ಸಂಘದ ಆಸರೆ ಇದ್ದೇ ಇರುತ್ತವೆ. ಆದರೆ ಅವು ಒಂದು ವಾರದ ಊಟಕ್ಕೆ, ಒಂದು ತಿಂಗಳ ವಸತಿಗೆ ಸಾಕಾಗಬಹುದೇ ಹೊರತು ಮನೆಯನ್ನು ಮತ್ತೆ ಕಟ್ಟಿಕೊಡಲಾರವು. ಇನ್ನೊಂದು ಕಟು ಸತ್ಯವನ್ನೂ ಇಲ್ಲಿ ಹೇಳಲೇಬೇಕು. ಮನೆ ಹೋದರೂ ಸಾಲ ಹೋಗುವುದಿಲ್ಲ. ಗೋಡೆ ಕುಸಿದ ತಿಂಗಳೂ ಕಂತಿನ ದಿನಾಂಕ ತಪ್ಪದೆ ಬರುತ್ತದೆ.

ವಿಮೆಯ ಮೂಲತತ್ತ್ವ

1666ರಲ್ಲಿ ಲಂಡನ್ನಿನ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ 13,000ಕ್ಕೂ ಹೆಚ್ಚು ಮನೆಗಳನ್ನು ಆಹುತಿ ತೆಗೆದುಕೊಂಡಿತು. ಆ ಅಗ್ನಿಪ್ರಳಯದ ನಂತರದ ವರ್ಷಗಳಲ್ಲಿ ಅಲ್ಲಿ ಮನೆಗಳ ಅಗ್ನಿವಿಮೆ ವ್ಯವಸ್ಥಿತ ವ್ಯವಹಾರವಾಗಿ ತಲೆಯೆತ್ತಿತು. ನಮ್ಮ ದೇಶದಲ್ಲಿ ಸಾಮಾನ್ಯ ವಿಮೆ 1850ರಲ್ಲಿ ಕಲ್ಕತ್ತೆಯ ಟ್ರೈಟನ್ ಕಂಪನಿಯಿಂದ ಆರಂಭವಾಯಿತು. 1972ರ ಕಾಯಿದೆಯ ಮೇರೆಗೆ ರಾಷ್ಟ್ರೀಕರಣವಾಗಿ, 1973ರ ಜನವರಿ 1ರಿಂದ ನೂರಕ್ಕೂ ಮಿಕ್ಕಿದ ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ವಿಲೀನಗೊಂಡವು. 1999ರ ಕಾಯಿದೆಯ ತರುವಾಯ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಇಂದು ಇವೆಲ್ಲವೂ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಅಧೀನದಲ್ಲಿವೆ.

ವಿಮೆಯ ತಿರುಳು ಹಳ್ಳಿಯವರಿಗೂ ಹೊಸದಲ್ಲ. ಊರಿನಲ್ಲಿ ಒಬ್ಬನ ಹುಲ್ಲಿನ ಬಣವೆ ಸುಟ್ಟಾಗ ಹತ್ತು ಮನೆಯವರು ಒಂದೊಂದು ಹೊರೆ ಹುಲ್ಲು ಕೊಟ್ಟು ಅವನ ದನಗಳನ್ನು ಬೇಸಗೆ ದಾಟಿಸುತ್ತಿದ್ದರು. ವಿಮೆಯೂ ಅದೇ ಬಗೆಯದು. ಸಹಾಯವನ್ನು ಮುಂಗಡವಾಗಿ, ಲೆಕ್ಕಾಚಾರದಿಂದ ಕೂಡಿಡುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಸಾವಿರಾರು ಮನೆಯವರು ಸಣ್ಣ ಸಣ್ಣ ಮೊತ್ತವನ್ನು ಒಂದೆಡೆ ಸೇರಿಸುತ್ತಾರೆ. ಅವರಲ್ಲಿ ಕೆಲವರಿಗೆ ಒದಗುವ ದೊಡ್ಡ ನಷ್ಟವನ್ನು ಆ ನಿಧಿಯಿಂದ ತುಂಬಿಕೊಡಲಾಗುತ್ತದೆ.

ಇದರಿಂದ ಎರಡು ನಿಯಮಗಳು ತಾವಾಗಿಯೇ ಹೊಮ್ಮುತ್ತವೆ. ಒಂದು, ವಿಮೆ ನಷ್ಟವನ್ನು ತುಂಬುತ್ತದೆ, ಲಾಭವನ್ನು ಕೊಡುವುದಿಲ್ಲ. ಒಂದೇ ಮನೆಗೆ ಎರಡು ಕಂಪನಿಗಳಲ್ಲಿ ವಿಮೆ ಮಾಡಿಸಿದವನಿಗೆ ಒಂದೇ ನಷ್ಟಕ್ಕೆ ಎರಡು ಬಾರಿ ಹಣ ಸಿಗುವುದಿಲ್ಲ. ಎರಡು, ವಿಮೆ ಪರಸ್ಪರ ವಿಶ್ವಾಸದ ಕರಾರು. ಮನೆಯ ವಿವರಗಳನ್ನು ಮುಚ್ಚಿಟ್ಟು ಪಡೆದ ಪಾಲಿಸಿ ಬೇಕಾದ ಸಮಯದಲ್ಲಿ ಕೈಕೊಡುತ್ತದೆ. ಮನೆಯಲ್ಲಿಯೇ ಊಟದ ಡಬ್ಬಿಗಳ ವ್ಯಾಪಾರ ನಡೆಸುತ್ತಿದ್ದರೆ, ಹೊಲಿಗೆ ಯಂತ್ರಗಳನ್ನಿಟ್ಟು ಬಟ್ಟೆಯ ದಾಸ್ತಾನು ಮಾಡಿದ್ದರೆ, ಕೆಳಗಿನ ಮಳಿಗೆಯಲ್ಲಿ ಹೋಟೆಲು ಇದ್ದರೆ, ಅದನ್ನು ಅರ್ಜಿಯಲ್ಲಿಯೇ ನಮೂದಿಸುವುದು ಕ್ಷೇಮ.

ಬ್ಯಾಂಕಿನವರು ಮಾಡಿಸಿದ ವಿಮೆ

ವಿಷಯ ಸ್ಪಷ್ಟವಾಗುವಂತೆ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಬಹುದು. ಅವರನ್ನು ರಾಯರು ಎಂದು ಕರೆಯೋಣ. ರಾಯರು ಧಾರವಾಡದ ಕಡೆಯವರು. ಡೊಂಬಿವಲಿಯಲ್ಲಿ ನೆಲಮಹಡಿಯ ಒಂದು ಫ್ಲಾಟು ಕೊಂಡಿದ್ದಾರೆ. ಬೆಲೆ 80 ಲಕ್ಷ ರೂಪಾಯಿ, ಬ್ಯಾಂಕಿನ ಸಾಲ 50 ಲಕ್ಷ. ಸಾಲ ಮಂಜೂರಾದ ದಿನ ಹತ್ತಾರು ಕಾಗದಗಳಿಗೆ ರುಜು ಹಾಕಿದರು. ವಿಮೆಯ ಹೆಸರಿನಲ್ಲಿ ಒಂದು ದೊಡ್ಡ ಮೊತ್ತ ಸಾಲದ ಖಾತೆಯಿಂದ ಕಡಿತವಾಯಿತು. ಅಂದಿನಿಂದ ‘ಮನೆಗೆ ವಿಮೆಯಾಗಿದೆ’ ಎಂಬ ನೆಮ್ಮದಿಯಲ್ಲಿದ್ದಾರೆ.

ಆದರೆ ಅದು ಯಾವ ವಿಮೆ? ಗೃಹಸಾಲದ ಜೊತೆಗೆ ಎರಡು ಬಗೆಯ ವಿಮೆಗಳು ಬರುವುದುಂಟು. ಮೊದಲನೆಯದು ಸಾಲಗಾರನ ಜೀವದ ಮೇಲಿನದು. ಸಾಲ ತೀರುವ ಮುನ್ನ ಅವನು ಮೃತನಾದರೆ ಉಳಿದ ಸಾಲವನ್ನು ಅದು ತೀರಿಸುತ್ತದೆ. ಹೆಂಡತಿ ಮಕ್ಕಳು ಮನೆ ಬಿಡಬೇಕಾಗುವುದಿಲ್ಲ. ಎರಡನೆಯದು ಕಟ್ಟಡದ ಮೇಲಿನದು. ಬೆಂಕಿ, ನೆರೆ, ಭೂಕಂಪಗಳಿಂದ ಮನೆಗೆ ಹಾನಿಯಾದರೆ ಉಪಯೋಗಕ್ಕೆ ಬರುವುದು ಇದೊಂದೇ. ಎರಡೂ ಬೇಕಾದವೇ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಕಡಿತವಾದ ಮೊತ್ತ ಹತ್ತಾರು ಸಾವಿರ ರೂಪಾಯಿಗಳಷ್ಟಿದ್ದರೆ ಅದು ಬಹುಮಟ್ಟಿಗೆ ಜೀವದ ಮೇಲಿನದಾಗಿರುವ ಸಂಭವವೇ ಹೆಚ್ಚು. ಏಕೆಂದರೆ ಕಟ್ಟಡದ ವಿಮೆ ಅಷ್ಟು ದುಬಾರಿಯಲ್ಲ. ಊರು, ಕಂಪನಿ, ಕಟ್ಟಡದ ಸ್ವರೂಪಗಳಿಗೆ ತಕ್ಕಂತೆ ವ್ಯತ್ಯಾಸವಿದ್ದರೂ ಲಕ್ಷ ರೂಪಾಯಿಗೆ ವರ್ಷಕ್ಕೆ ಕೆಲವು ಹತ್ತು ರೂಪಾಯಿಗಳಷ್ಟೇ ಸಾಮಾನ್ಯವಾದ ದರ.

ಕಟ್ಟಡದ ವಿಮೆಯೇ ಆಗಿದ್ದರೂ ಗಮನಿಸಬೇಕಾದ ಅಂಶಗಳು ಮೂರು. ಒಂದು, ಅಡಮಾನವಿರುವ ತನಕ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಪರಿಹಾರದ ಹಣ ಮೊದಲು ಸಲ್ಲುವುದು ಬ್ಯಾಂಕಿಗೆ. ಅದನ್ನು ದುರಸ್ತಿಗೆ ಬಿಡುಗಡೆ ಮಾಡಿಸಿಕೊಳ್ಳಲು ಬ್ಯಾಂಕಿನೊಡನೆ ಪತ್ರವ್ಯವಹಾರ ಬೇಕಾಗುತ್ತದೆ. ಎರಡು, ಪಾಲಿಸಿ ಕೆಲವೇ ವರ್ಷಗಳದಾಗಿದ್ದು ಯಾರ ಗಮನಕ್ಕೂ ಬಾರದೆ ಮುಗಿದುಹೋಗಿರಬಹುದು. ಮೂರು, ಸಾಲ ತೀರಿದೊಡನೆ ವಿಮೆಯ ವಿಷಯದಲ್ಲಿ ಬ್ಯಾಂಕಿಗಿದ್ದ ಆಸಕ್ತಿಯೂ ತೀರುತ್ತದೆ. ಅಲ್ಲಿಂದ ಮುಂದೆ ನವೀಕರಿಸುವ ಹೊಣೆ ಮನೆಯೊಡೆಯನದೇ. ನಿವೃತ್ತಿಯ ಹಣದಿಂದ ಸಾಲ ತೀರಿಸಿ ‘ಋಣಮುಕ್ತನಾದೆ’ ಎಂದು ಹಿಗ್ಗುವ ಗೃಹಸ್ಥನ ಮನೆ ಅದೇ ವರ್ಷದಿಂದ ವಿಮಾರಹಿತವೂ ಆಗುವ ಪ್ರಸಂಗಗಳಿವೆ. ಇನ್ನೊಂದು ಮಾತು: ವಿಮೆ ಬೇಕೆಂದು ಬ್ಯಾಂಕು ಕೇಳಬಹುದು, ಇಂಥದೇ ಕಂಪನಿಯಲ್ಲಿ ಮಾಡಿಸಬೇಕೆಂದು ಬಲವಂತ ಮಾಡುವಂತಿಲ್ಲ.

‘ಭಾರತ್ ಗೃಹ ರಕ್ಷಾ’ದ ಸ್ವರೂಪ

ಹಿಂದೆ ಒಂದೊಂದು ಪಾಲಿಸಿಯ ಭಾಷೆ ಒಂದೊಂದು ತೆರನಾಗಿತ್ತು. ಭೂಕಂಪಕ್ಕೆ, ಭಯೋತ್ಪಾದನೆಗೆ ಪ್ರತ್ಯೇಕ ಪ್ರೀಮಿಯಂ ತೆರಬೇಕಾಗಿತ್ತು. 2021ರ ಏಪ್ರಿಲ್ 1ರಿಂದ ಪ್ರಾಧಿಕಾರವು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಅಗ್ನಿವಿಮೆಯ ವ್ಯವಹಾರ ನಡೆಸುವ ಕಂಪನಿಗಳೆಲ್ಲ ಇದನ್ನು ಒದಗಿಸಬೇಕು. ಕಂಪನಿಯಿಂದ ಕಂಪನಿಗೆ ಪ್ರೀಮಿಯಂ ಬೇರೆಯಾದೀತೇ ಹೊರತು ಮುಖ್ಯ ಷರತ್ತುಗಳು ಒಂದೇ.

ಇದರ ವ್ಯಾಪ್ತಿಗೆ ಬರುವ ಅಪಾಯಗಳು ಹಲವು: ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ನೆರೆ, ಭೂಕುಸಿತ, ಕಾಡ್ಗಿಚ್ಚು, ವಾಹನ ಗುದ್ದುವುದು, ಮರ ಉರುಳಿಬೀಳುವುದು ಮೊದಲಾದ ಆಘಾತಗಳು, ದೊಂಬಿ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದಕ ಕೃತ್ಯ, ನೀರಿನ ಟ್ಯಾಂಕು ಅಥವಾ ಕೊಳವೆ ಒಡೆದು ತುಂಬಿ ಹರಿಯುವುದು. ಮನೆ ವಾಸಕ್ಕೆ ಅಯೋಗ್ಯವಾದಲ್ಲಿ ಬದಲಿ ವಸತಿಯ ಬಾಡಿಗೆಗೂ, ವಾಸ್ತುಶಿಲ್ಪಿ ಮತ್ತು ಎಂಜಿನಿಯರರ ಶುಲ್ಕಕ್ಕೂ, ಅವಶೇಷ ತೆಗೆಸುವ ಖರ್ಚಿಗೂ ನಿಗದಿತ ಮಿತಿಯೊಳಗೆ ಅವಕಾಶವಿದೆ.

ಕಟ್ಟಡಕ್ಕೆ ವಿಮೆ ಮಾಡಿಸಿದವರಿಗೆ ಮನೆಯ ಸಾಮಾನುಗಳಿಗೂ ರಕ್ಷಣೆ ತಾನಾಗಿಯೇ ಒದಗುತ್ತದೆ: ಕಟ್ಟಡದ ವಿಮಾ ಮೊತ್ತದ ಶೇಕಡ 20ರಷ್ಟು, ಆದರೆ 10 ಲಕ್ಷ ರೂಪಾಯಿ ಮೀರದಂತೆ. ಕಪಾಟು, ಮಂಚ, ಫ್ರಿಜ್ಜು, ಟಿ.ವಿ. ಮುಂತಾದವುಗಳ ಪಟ್ಟಿ ಕೊಡಬೇಕಾದುದಿಲ್ಲ. ಇದಕ್ಕಿಂತ ಹೆಚ್ಚಿನ ರಕ್ಷಣೆ ಬೇಕಾದವರು ವಿವರ ನೀಡಿ ಹೆಚ್ಚಿನ ಪ್ರೀಮಿಯಂ ತೆರಬಹುದು.

ಏನನ್ನು ಇದು ಕೊಡುವುದಿಲ್ಲ ಎಂಬುದನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ಕಾಲಕ್ರಮದ ಸವೆತ, ತುಕ್ಕು, ಗೆದ್ದಲು, ವರ್ಷಾನುವರ್ಷ ಹರಡುವ ತೇವ ಇವು ವಿಮೆಗೆ ಸೇರಿದುವಲ್ಲ. ಮೇಲಿನ ಮನೆಯ ಕೊಳವೆ ಇದ್ದಕ್ಕಿದ್ದಂತೆ ಒಡೆದು ನೀರು ಸುರಿದರೆ ಅದು ಅಪಘಾತ. ಮೂರು ಮಳೆಗಾಲಗಳಿಂದ ಚಾವಣಿ ಜಿನುಗುತ್ತಿದ್ದರೆ ಅದು ದುರಸ್ತಿಯ ಅಭಾವ. ಯುದ್ಧದ ಹಾನಿ, ಬೇಕೆಂದೇ ಮಾಡಿದ ಹಾನಿ, ನಗದು ಹಣ, ಷೇರುಪತ್ರ, ವಾಹನ ಇವುಗಳಿಗೂ ಪರಿಹಾರವಿಲ್ಲ.

ವಿಮಾ ಮೊತ್ತ ಎಷ್ಟಿರಬೇಕು?

ಅತ್ಯಂತ ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ರಾಯರ ಫ್ಲಾಟಿನ ಬೆಲೆ 80 ಲಕ್ಷ. ಹಾಗಾದರೆ ವಿಮೆಯೂ 80 ಲಕ್ಷಕ್ಕೆ ಇರಬೇಕೆ? ಇರಬೇಕಾದುದಿಲ್ಲ. ಆ 80 ಲಕ್ಷದಲ್ಲಿ ಬಹುಪಾಲು ನೆಲದ ಬೆಲೆ, ರೈಲು ನಿಲ್ದಾಣದ ಸಾಮೀಪ್ಯದ ಬೆಲೆ. ಬೆಂಕಿ ನೆಲವನ್ನು ಸುಡಲಾರದು, ನೆರೆ ನಿಲ್ದಾಣವನ್ನು ದೂರ ಒಯ್ಯಲಾರದು. ವಿಮೆ ಕೊಡುವುದು ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚನ್ನು ಮಾತ್ರ.

ಲೆಕ್ಕ ಸರಳವಾಗಿದೆ. ಫ್ಲಾಟಿನ ಕಾರ್ಪೆಟ್ ವಿಸ್ತೀರ್ಣ 600 ಚದರ ಅಡಿ, ಆ ಪ್ರದೇಶದಲ್ಲಿ ನಿರ್ಮಾಣದ ಖರ್ಚು ಚದರ ಅಡಿಗೆ 2,500 ರೂಪಾಯಿ ಎಂದಿಟ್ಟುಕೊಂಡರೆ ವಿಮಾ ಮೊತ್ತ 15 ಲಕ್ಷ ರೂಪಾಯಿ. ಸಾಮಾನುಗಳಿಗೆ ಅದರ ಶೇಕಡ 20, ಅಂದರೆ 3 ಲಕ್ಷ, ತಾನಾಗಿ ದೊರೆಯುತ್ತದೆ. 80 ಲಕ್ಷಕ್ಕೆ ಪ್ರೀಮಿಯಂ ತೆತ್ತರೂ ಮರುನಿರ್ಮಾಣಕ್ಕೆ ತಗಲುವ 15 ಲಕ್ಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಹೆಚ್ಚುವರಿ ಪ್ರೀಮಿಯಂ ವ್ಯರ್ಥ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕರ. ಪ್ರೀಮಿಯಂ ಉಳಿಸುವ ಸಲುವಾಗಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವವರಿದ್ದಾರೆ. ಅಗ್ನಿವಿಮೆಯ ಹಳೆಯ ಸರಾಸರಿ ನಿಯಮದಂತೆ, 20 ಲಕ್ಷ ಬೆಲೆಯ ಕಟ್ಟಡವನ್ನು 10 ಲಕ್ಷಕ್ಕೆ ವಿಮೆ ಮಾಡಿಸಿ 4 ಲಕ್ಷ ನಷ್ಟವಾದರೆ, ದೊರೆಯುವುದು 4 ಲಕ್ಷವಲ್ಲ, 2 ಲಕ್ಷ. ಅರ್ಧ ಮನೆಗೆ ಮಾತ್ರ ವಿಮೆಯಾಗಿತ್ತು, ಉಳಿದರ್ಧದ ವಿಮಾದಾರ ಮನೆಯೊಡೆಯನೇ ಎಂಬುದು ಅದರ ತರ್ಕ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ಆದರೆ ವಿಸ್ತೀರ್ಣ ಮೊದಲಾದ ವಿವರಗಳನ್ನು ಸತ್ಯವಾಗಿ ಕೊಟ್ಟಿರಬೇಕು. ಪರಿಹಾರವೂ ವಿಮಾ ಮೊತ್ತವನ್ನು ಮೀರುವುದಿಲ್ಲ. ಬೇರೆ ಬಗೆಯ ಪಾಲಿಸಿ ಇರುವವರು ಸರಾಸರಿ ನಿಯಮ ಉಂಟೇ ಇಲ್ಲವೇ ಎಂಬುದನ್ನು ಕೇಳಿ ತಿಳಿಯಬೇಕು. ಹಳೆಯ ಸಾಮಾನುಗಳಿಗೆ ಸವಕಳಿ ಕಳೆದು ಕೊಡುತ್ತಾರೆಯೇ, ಹೊಸದರ ಬೆಲೆಯನ್ನು ಕೊಡುತ್ತಾರೆಯೇ ಎಂಬುದನ್ನೂ ಕೇಳಬೇಕು.

ಸಿಮೆಂಟು, ಕಬ್ಬಿಣ, ಕೂಲಿ ಪ್ರತಿವರ್ಷ ಏರುತ್ತವೆ. ಹತ್ತು ವರ್ಷಗಳವರೆಗಿನ ದೀರ್ಘಾವಧಿ ಪಾಲಿಸಿ ಪಡೆದಲ್ಲಿ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇಕಡ 10ರಂತೆ ತಾನಾಗಿ ಏರುತ್ತದೆ. ವರ್ಷ ವರ್ಷ ನವೀಕರಿಸುವವರು ಮೊತ್ತವನ್ನು ತಾವೇ ಪರಿಷ್ಕರಿಸಬೇಕು.

ಕಳವು, ಒಡವೆ ಮತ್ತು ಲಾಕರು

ಮನೆಯ ವಿಮೆಯೆಂದರೆ ಕಳ್ಳತನಕ್ಕೂ ವಿಮೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ಭಾರತ್ ಗೃಹ ರಕ್ಷಾದಲ್ಲಿ ಬೆಂಕಿ, ನೆರೆಗಳಂಥ ಘಟನೆ ನಡೆದ 7 ದಿನಗಳೊಳಗೆ, ಆ ಘಟನೆಯ ಕಾರಣದಿಂದಲೇ ಸಂಭವಿಸಿದ ಕಳವಿಗೆ ಮಾತ್ರ ಪರಿಹಾರವುಂಟು. ಸಾಧಾರಣ ದಿನದಲ್ಲಿ ಬೀಗ ಒಡೆದು ನುಗ್ಗುವ ಕನ್ನಗಳವಿಗೆ ಪ್ರತ್ಯೇಕ ವಿಮೆ ಬೇಕು. ಅದರಲ್ಲಿಯೂ ಬಲಾತ್ಕಾರದಿಂದ ಒಳನುಗ್ಗಿದ ಗುರುತು ಇರಬೇಕೆಂಬ, ಮನೆಗೆಲಸದವರ ಕೈವಾಡಕ್ಕೆ ಪರಿಹಾರವಿಲ್ಲವೆಂಬ ಷರತ್ತುಗಳಿರುವುದು ಸಾಮಾನ್ಯ. ಪೊಲೀಸು ದೂರಿನ ಪ್ರತಿಯಂತೂ ಅತ್ಯಗತ್ಯ.

ಚಿನ್ನಾಭರಣಗಳು ಸಾಮಾನ್ಯ ಸಾಮಾನುಗಳ ಲೆಕ್ಕಕ್ಕೆ ಬರುವುದಿಲ್ಲ. ಅವುಗಳಿಗೆ ಬೆಲೆ ನಮೂದಿಸಿ ಐಚ್ಛಿಕ ರಕ್ಷಣೆ ಪಡೆಯಬೇಕು. ‘ನಮ್ಮ ಒಡವೆಯೆಲ್ಲ ಬ್ಯಾಂಕಿನ ಲಾಕರಿನಲ್ಲಿದೆ’ ಎನ್ನುವವರೂ ಒಂದು ನಿಯಮವನ್ನು ತಿಳಿದಿರುವುದು ಮೇಲು. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ 2022ರ ಜನವರಿ 1ರಿಂದ, ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ನೌಕರರ ವಂಚನೆಯಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿಯಾದರೆ ಹೊಣೆ 3 ಲಕ್ಷಕ್ಕೆ ನಿಂತಿತು. ತನ್ನ ನಿರ್ಲಕ್ಷ್ಯವಿಲ್ಲದೆ ನೆರೆ, ಭೂಕಂಪಗಳಿಂದಾದ ನಷ್ಟಕ್ಕೆ ಬ್ಯಾಂಕು ಹೊಣೆಯಲ್ಲ. ಅಜ್ಜಿಯ ಕಾಲದ ಅವಲಕ್ಕಿ ಸರದಿಂದ ಮಗಳ ಮದುವೆಗೆಂದು ಕೂಡಿಟ್ಟ ಬಳೆಗಳವರೆಗೆ ಲಾಕರಿನಲ್ಲಿರುವುದರ ಬೆಲೆಯನ್ನು ಈ ಮೊತ್ತದೊಡನೆ ಹೋಲಿಸಿ ನೋಡಿದರೆ ಪ್ರತ್ಯೇಕ ವಿಮೆಯ ಅಗತ್ಯ ತಾನಾಗಿಯೇ ಹೊಳೆಯುತ್ತದೆ.

ಸೊಸೈಟಿ, ಬಾಡಿಗೆ ಮನೆ, ಬೀಗ ಹಾಕಿದ ಮನೆ

ಫ್ಲಾಟಿನ ಒಡೆಯನ ಪರಿಸ್ಥಿತಿ ಬಿಡಿಮನೆಯವನಂತಲ್ಲ. ಇಡೀ ಕಟ್ಟಡವೇ ನಷ್ಟವಾದಲ್ಲಿ ಮೂರನೆಯ ಮಹಡಿಯನ್ನು ಮಾತ್ರ ಯಾರೂ ಕಟ್ಟಿಕೊಳ್ಳಲಾರರು. ಎಲ್ಲರೂ ಸೇರಿ ಕಟ್ಟಬೇಕು. ಜಗಲಿ, ಮೆಟ್ಟಿಲು, ಲಿಫ್ಟು, ನೀರಿನ ಟ್ಯಾಂಕುಗಳು ಒಬ್ಬರ ಸ್ವತ್ತಲ್ಲ. ಆದುದರಿಂದ ಸಹಕಾರಿ ವಸತಿ ಸಂಘವೇ ಇಡೀ ಕಟ್ಟಡಕ್ಕೆ ವಿಮೆ ಮಾಡಿಸುವುದು ಯುಕ್ತ. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳಲ್ಲಿ ಕಟ್ಟಡದ ವಿಮೆಗೆ ಅವಕಾಶ ಕಲ್ಪಿಸಲಾಗಿದೆ. ವಾರ್ಷಿಕ ಮಹಾಸಭೆಯಲ್ಲಿ ಬಣ್ಣದ ಬಗ್ಗೆ, ವಾಹನ ನಿಲುಗಡೆಯ ಬಗ್ಗೆ ಗಂಟೆಗಟ್ಟಲೆ ವಾದಿಸುವ ಸದಸ್ಯರು ‘ಕಟ್ಟಡದ ಪಾಲಿಸಿ ಎಲ್ಲಿದೆ? ಮೊತ್ತವೆಷ್ಟು? ಯಾವ ತಾರೀಖಿಗೆ ಮುಗಿಯುತ್ತದೆ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಭೆ ಸಾರ್ಥಕ. ಸಂಘದ ಪಾಲಿಸಿ ಕಟ್ಟಡಕ್ಕಿದ್ದಲ್ಲಿ ಸದಸ್ಯನು ತನ್ನ ಸಾಮಾನುಗಳಿಗೂ ಒಳಗಿನ ಮರಗೆಲಸಕ್ಕೂ ವಿಮೆ ಮಾಡಿಸಿಕೊಂಡರೆ ಸಾಕಾದೀತು. ಅಡಮಾನವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು.

ಬಾಡಿಗೆ ಮನೆಯಲ್ಲಿರುವವರಿಗೆ ಕಟ್ಟಡದ ಚಿಂತೆಯಿಲ್ಲ. ಆದರೆ ಪಾತ್ರೆಪಗಡ, ಬಟ್ಟೆಬರೆ, ಮಕ್ಕಳ ಕಂಪ್ಯೂಟರು ಅವರವೇ. ಸಾಮಾನುಗಳಿಗೆ ಮಾತ್ರ ವಿಮೆ ಪಡೆಯಲು ಬಾಡಿಗೆದಾರರಿಗೂ ಅವಕಾಶವುಂಟು.

ಮುಂಬಯಿಯ ಕನ್ನಡಿಗನಿಗೆ ಊರಿನಲ್ಲಿ ಇನ್ನೊಂದು ಮನೆ ಇರುವುದು ಅಪರೂಪವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದುವು. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿದುವು. ಆಗ ಎಷ್ಟೋ ಮಂದಿ ದೂರದ ನಗರದಲ್ಲಿ ಕುಳಿತು ಟಿ.ವಿ. ಪರದೆಯಲ್ಲಿ ತಮ್ಮ ಊರಿನ ಹೆಸರು ಓದಿದರು. ಆ ಮನೆಗೂ ವಿಮೆ ಮಾಡಿಸಬಹುದು. ಆದರೆ ಬೀಗ ಹಾಕಿದ ಮನೆಯ ವಿಷಯದಲ್ಲಿ ಅನೇಕ ಪಾಲಿಸಿಗಳಿಗೆ ವಿಶೇಷ ಷರತ್ತುಗಳಿವೆ: ನಿಗದಿತ ದಿನಗಳಿಗಿಂತ ಹೆಚ್ಚು ಕಾಲ ಮನೆ ಖಾಲಿಯಿದ್ದರೆ ಕಂಪನಿಗೆ ತಿಳಿಸಬೇಕೆಂದು, ಇಲ್ಲವೇ ಕಳವಿನ ರಕ್ಷಣೆ ನಿಲ್ಲುವುದೆಂದು. ಮೇ ತಿಂಗಳ ರಜೆಗೆ ಊರಿಗೆ ಹೊರಟು ನಗರದ ಮನೆಗೆ ಬೀಗ ಹಾಕುವವರಿಗೂ ಇದು ಅನ್ವಯಿಸಬಹುದು. ಹೊರಡುವ ಮುನ್ನ ಪಾಲಿಸಿಯ ಆ ಪುಟವನ್ನು ಓದಬೇಕು.

ಮನೆ ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. ತಂದೆ ತೀರಿಕೊಂಡು ವರ್ಷಗಳಾದರೂ ಫ್ಲಾಟು, ಷೇರು ಸರ್ಟಿಫಿಕೇಟು, ಪಾಲಿಸಿ ಎಲ್ಲವೂ ಅವರ ಹೆಸರಿನಲ್ಲೇ ಉಳಿದಿರುವ ಮನೆಗಳು ಹಲವು. ಪ್ರೀಮಿಯಂ ಕಟ್ಟುತ್ತಿದ್ದರೂ ಪರಿಹಾರ ಕೇಳುವಾಗ ವಾರಸುದಾರರು ತಮ್ಮ ಹಕ್ಕನ್ನು ಸಾಬೀತುಪಡಿಸುತ್ತ ಅಲೆಯಬೇಕಾಗುತ್ತದೆ. ಹೆಸರಿನ ವರ್ಗಾವಣೆಯನ್ನು ಶಾಂತಿಯ ಕಾಲದಲ್ಲಿಯೇ ಮುಗಿಸಿಕೊಳ್ಳುವುದು ಜಾಣತನ.

ಹಾನಿ ಸಂಭವಿಸಿದಾಗ

ಪುನಃ ರಾಯರ ಮನೆಗೆ ಬರಬಹುದು. ಒಂದು ಮಳೆಗಾಲದ ರಾತ್ರಿ ನೆಲಮಹಡಿಗೆ ನೀರು ನುಗ್ಗಿ ಹಾಸಿಗೆ, ಫ್ರಿಜ್ಜು, ಕಪಾಟುಗಳು ಮುಳುಗಿದುವೆನ್ನೋಣ. ಮೊದಲ ಕರ್ತವ್ಯ ಪ್ರಾಣರಕ್ಷಣೆ. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಿ ಎಲ್ಲರೂ ಮೇಲಿನ ಮಹಡಿಗೆ ಸೇರಬೇಕು. ನೀರಿಳಿದ ಮೇಲೆ ಕೊಳೆತ ಸಾಮಾನುಗಳನ್ನು ಬೀದಿಗೆಸೆಯುವ ಅವಸರ ಸಹಜ. ಅದೇ ತಪ್ಪು. ಅದಕ್ಕೆ ಮುನ್ನ ವಿಮಾ ಕಂಪನಿಗೆ ಸುದ್ದಿ ಮುಟ್ಟಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಬೇಕು. ಗೋಡೆಯ ಮೇಲಿನ ನೀರಿನ ಗುರುತು, ಕೆಟ್ಟ ಪ್ರತಿಯೊಂದು ವಸ್ತು, ಅದರ ಮೇಲಿನ ಕಂಪನಿಯ ಸಂಖ್ಯೆ ಇವುಗಳ ಛಾಯಾಚಿತ್ರ ತೆಗೆದಿಡಬೇಕು. ಆರೋಗ್ಯದ ದೃಷ್ಟಿಯಿಂದ ತೆರವು ಮಾಡಲೇಬೇಕಾದುದನ್ನು ಕಂಪನಿಗೆ ತಿಳಿಸಿ ತೆರವು ಮಾಡಬಹುದು. ಉಳಿದುದನ್ನು ಸರ್ವೇಯರು ಬಂದು ನೋಡುವ ತನಕ ಇಟ್ಟಿರಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವಾದರೆ ಪೊಲೀಸು ದೂರು ಬೇಕು. ನಷ್ಟ ಕಂಡ 30 ದಿನಗಳೊಳಗೆ ಕ್ಲೇಮು ಅರ್ಜಿ ಸಲ್ಲಿಸಬೇಕು.

ಸರ್ವೇಯರು ಲೈಸೆನ್ಸು ಪಡೆದ ತಜ್ಞ. ಅವನನ್ನು ಶತ್ರುವೆಂದು ಭಾವಿಸಬೇಕಾಗಿಲ್ಲ. ಅವನ ಮುಂದೆ ನಷ್ಟವನ್ನು ಹಿಗ್ಗಿಸಿ ಹೇಳಿದರೆ ನಿಜವಾದ ನಷ್ಟದ ಮೇಲೂ ಸಂಶಯ ಬೀಳುತ್ತದೆ. 2024ರ ಪ್ರಾಧಿಕಾರದ ನಿರ್ದೇಶನದಂತೆ ಸುದ್ದಿ ಮುಟ್ಟಿದ 24 ಗಂಟೆಗಳೊಳಗೆ ಸರ್ವೇಯರನ್ನು ನೇಮಿಸಬೇಕು. 15 ದಿನಗಳೊಳಗೆ ವರದಿ ಬರಬೇಕು. ವರದಿ ತಲುಪಿದ 7 ದಿನಗಳೊಳಗೆ ಕಂಪನಿ ತನ್ನ ನಿರ್ಧಾರ ತಿಳಿಸಬೇಕು.

ನಿರ್ಧಾರ ಅನ್ಯಾಯವೆನಿಸಿದಲ್ಲಿ ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ವಿಮಾ ಒಂಬುಡ್ಸ್‌ಮನ್ ಅವರ ಮೊರೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಈ ಐದೂ ನಗರಗಳಲ್ಲಿ ಅವರ ಕಚೇರಿಗಳಿವೆ. ಊರಿನ ಮನೆಯ ಸಂಬಂಧವಾದರೆ ಬೆಂಗಳೂರಿನಲ್ಲಿಯೂ ಉಂಟು. ಗ್ರಾಹಕ ನ್ಯಾಯಾಲಯದ ಬಾಗಿಲೂ ತೆರೆದಿರುತ್ತದೆ.

ವರ್ಷಕ್ಕೊಮ್ಮೆಯ ತಪಾಸಣೆ

ನಲವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆಗಳ ತಪಾಸಣೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಸಲಹೆ ಮಾಡುತ್ತಾರೆ. ಮನೆಯ ಪಾಲಿಸಿಗೂ ಅಂಥದೇ ವಾರ್ಷಿಕ ತಪಾಸಣೆ ಬೇಕು. ಯುಗಾದಿಯ ಮುನ್ನ ಮನೆ ಗುಡಿಸಿ ಸಾರಿಸುವ ವಾರ ಅದಕ್ಕೆ ಪ್ರಶಸ್ತ. ಪಾಲಿಸಿ ಕಟ್ಟಡದ್ದೇ ಅಥವಾ ಜೀವದ್ದೇ, ಮುಗಿಯುವ ತಾರೀಖು ಯಾವುದು, ವಿಸ್ತೀರ್ಣ ಸರಿಯಾಗಿದೆಯೇ, ಹೊಸ ಅಡುಗೆಮನೆಯ ಖರ್ಚು ಸೇರಿದೆಯೇ, ಒಡವೆಗೆ ರಕ್ಷಣೆಯುಂಟೇ ಎಂಬಿಷ್ಟನ್ನು ನೋಡಲು ಅರ್ಧ ಗಂಟೆ ಸಾಕು. ಮುಖ್ಯ ಸಾಮಾನುಗಳ ರಸೀತಿ ಮತ್ತು ಛಾಯಾಚಿತ್ರಗಳ ಒಂದು ಪ್ರತಿಯನ್ನು ಮನೆಯ ಹೊರಗೆ, ಬೇರೆ ಊರಿನಲ್ಲಿರುವ ಮಗನಲ್ಲೋ ತಂಗಿಯಲ್ಲೋ ಇಡಬೇಕು. ಮನೆಯ ಜೊತೆಗೇ ಸುಟ್ಟುಹೋಗುವ ಪಾಲಿಸಿಯ ಏಕೈಕ ಪ್ರತಿಯಿಂದ ಯಾರಿಗೂ ಉಪಕಾರವಿಲ್ಲ.

ಇನ್ನೊಂದು ಸಂಗತಿ ಇವೆಲ್ಲಕ್ಕಿಂತ ಮಿಗಿಲಾದುದು. ಮನೆಯ ಯಜಮಾನನೊಬ್ಬನಿಗೇ ಗೊತ್ತಿರುವ ವಿಮೆ ಅರ್ಧ ವಿಮೆ. ರಾಯರು ಊರಿಗೆ ಹೋಗಿದ್ದಾಗಲೇ ನೆರೆ ಬಂದೀತು. ರಾಯರೇ ಆಸ್ಪತ್ರೆಯಲ್ಲಿದ್ದಾಗ ಬೆಂಕಿ ಹೊತ್ತೀತು. ಆಗ ಅವರ ಪತ್ನಿಗೆ, ಬೆಳೆದ ಮಗಳಿಗೆ, ಯಾವ ಕಂಪನಿ, ಯಾವ ಸಂಖ್ಯೆ, ಯಾರಿಗೆ ಫೋನು ಮಾಡಬೇಕು ಎಂಬುದು ತಿಳಿದಿರಬೇಕು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂಬ ಮಾತು ಎಲ್ಲರಿಗೂ ತಿಳಿದದ್ದೇ. ಬಹಳ ಮನೆಗಳಲ್ಲಿ ಬಾವಿ ತೋಡಿ ಆಗಿದೆ. ಅದರಲ್ಲಿ ನೀರಿದೆಯೇ ಎಂದು ಇಣುಕಿ ನೋಡಿದವರು ಕಡಿಮೆ. ಪರನಾಡಿಗೆ ಬಂದು ಬೆವರು ಸುರಿಸಿ ಒಂದು ಸೂರು ಸಂಪಾದಿಸಿಕೊಂಡ ಕನ್ನಡಿಗನು ಇಂದು ಸಂಜೆಯೇ ಕಪಾಟಿನಿಂದ ಆ ಪಾಲಿಸಿಯನ್ನು ಹೊರತೆಗೆದು, ಮನೆಮಂದಿಯೊಡನೆ ಕುಳಿತು ಒಂದು ಸಲ ಓದಲಿ.